ನನ್ನ ಮಾಂಗಾ ಪಟ್ಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ಓದಿದ ಮಾಂಗಾ (ಜಪಾನಿನ ಚಿತ್ರಕಥೆ) ಸರಣಿಗಳನ್ನು ಇಷ್ಟದ ಕ್ರಮದಲ್ಲಿ ಜೋಡಿಸಿಟ್ಟುಕೊಳ್ಳುವ ಚಟ ನನಗಿದೆ. ಪಟ್ಟಿ ನೋಡಿದವರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಕೆಲವರು ಕುತೂಹಲಕ್ಕೆ ಕೇಳುತ್ತಾರೆ, ಕೆಲವರು ಜಗಳ ತೆಗೆಯಲೆಂದೇ ಕೇಳುತ್ತಾರೆ. ಇಬ್ಬರಿಗೂ ಉತ್ತರ ಇಲ್ಲಿದೆ.

ಮೊದಲು ಪಟ್ಟಿ ತೋರಿಸಿ, ಆಮೇಲೆ ಮಾತು.

ಸರಿ. ಸದ್ಯದ ಮೊದಲ ಹತ್ತು:

1. ವ್ಯಾಗಬಾಂಡ್ – ತಾಕೆಹಿಕೊ ಇನೊಯೆ
2. ಮುಶಿಶಿ – ಯುಕಿ ಉರುಶಿಬಾರಾ
3. ಸ್ಲ್ಯಾಮ್ ಡಂಕ್ – ತಾಕೆಹಿಕೊ ಇನೊಯೆ
4. ಮಾನ್‌ಸ್ಟರ್ – ನಾವೊಕಿ ಉರಸಾವಾ
5. ಯೊತ್ಸುಬಾ – ಕಿಯೊಹಿಕೊ ಅಜುಮಾ
6. ಫುಲ್‌ಮೆಟಲ್ ಆಲ್ಕೆಮಿಸ್ಟ್ – ಹಿರೊಮು ಅರಕಾವಾ
7. ವಿನ್‌ಲ್ಯಾಂಡ್ ಸಾಗಾ – ಮಕೊಟೊ ಯುಕಿಮುರಾ
8. ಬರ್ಸರ್ಕ್ – ಕೆಂಟಾರೊ ಮಿಯುರಾ
9. ಬುದ್ಧ – ಒಸಾಮು ತೆಜುಕಾ
10. ಒನ್ ಪೀಸ್ – ಎಯಿಚಿರೊ ಓಡಾ

ಹನ್ನೊಂದರಿಂದ ನಲವತ್ತರವರೆಗಿನವು ನನ್ನ ನೋಟ್‌ಬುಕ್ಕಿನಲ್ಲಿವೆ. ಅಲ್ಲಿನ ಕ್ರಮದ ಬಗ್ಗೆ ವಾದಕ್ಕೆ ನಾನು ಸಿಗುವುದಿಲ್ಲ. ಇಪ್ಪತ್ತೇಳನೆಯದಕ್ಕೂ ಇಪ್ಪತ್ತೆಂಟನೆಯದಕ್ಕೂ ಇರುವ ಅಂತರ ನನಗೇ ಸರಿಯಾಗಿ ಕಾಣುವುದಿಲ್ಲ.

ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟುಬಿಟ್ಟರೆ ಸುಲಭವಲ್ಲವೇ?

ಸುಲಭವೇ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಇಷ್ಟಪಟ್ಟು ಓದಿದ್ದಕ್ಕೆ ಯಾರೂ ಐದು ಕೊಡುವುದಿಲ್ಲ, ಇಷ್ಟವಾಗದ್ದನ್ನು ಯಾರೂ ಇಪ್ಪತ್ತು ಸಂಪುಟ ಓದುವುದಿಲ್ಲ. ಹಾಗಾಗಿ ಎಲ್ಲವೂ ಏಳರಿಂದ ಒಂಬತ್ತರೊಳಗೆ ಬಂದು ಗುಂಪುಗೂಡುತ್ತವೆ. ಕಾಲೇಜು ದಿನಗಳಲ್ಲಿ ಧಾರಾಳವಾಗಿ ಕೊಟ್ಟ ಒಂಬತ್ತು ಮತ್ತು ಈಗ ಅಳೆದೂ ಸುರಿದೂ ಕೊಡುವ ಎಂಟು ಒಂದೇ ತಕ್ಕಡಿಯವಲ್ಲ.

ನಾನು ಮಾಡುವುದು ಜೋಡಿ ಹೋಲಿಕೆ. ಹೊಸ ಸರಣಿ ಓದಿ ಮುಗಿಸಿದಾಗ, ಪಟ್ಟಿಯ ನಟ್ಟನಡುವೆ ಇರುವ ಸರಣಿಯ ಪಕ್ಕಕ್ಕೆ ಅದನ್ನಿಟ್ಟು ನೋಡುತ್ತೇನೆ. ಇದು ಮೇಲೋ, ಅದು ಮೇಲೋ? ಇದೇ ಮೇಲೆನಿಸಿದರೆ ಮೇಲಿನ ಅರ್ಧದ ನಡುವಿನದರ ಜೊತೆ ಹೋಲಿಸುತ್ತೇನೆ, ಇಲ್ಲವಾದರೆ ಕೆಳಗಿನ ಅರ್ಧದ ನಡುವಿನದರ ಜೊತೆ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ನಲವತ್ತು ಸರಣಿಗಳ ಪಟ್ಟಿಯಲ್ಲಿ ಹೆಚ್ಚೆಂದರೆ ಆರು ಹೋಲಿಕೆಗಳಲ್ಲಿ ಹೊಸದಕ್ಕೆ ಜಾಗ ಸಿಗುತ್ತದೆ.

ತೊಡಕು ಬೇರೆ ಕಡೆ ಇದೆ. ಮಾನ್‌ಸ್ಟರ್ ಬರ್ಸರ್ಕ್‌ಗಿಂತ ಮೇಲು ಅನಿಸುತ್ತದೆ, ಬರ್ಸರ್ಕ್ ವಿನ್‌ಲ್ಯಾಂಡ್ ಸಾಗಾಕ್ಕಿಂತ ಮೇಲು ಅನಿಸುತ್ತದೆ, ಆದರೆ ವಿನ್‌ಲ್ಯಾಂಡ್ ಸಾಗಾವನ್ನು ಮಾನ್‌ಸ್ಟರ್ ಪಕ್ಕ ಇಟ್ಟರೆ ವಿನ್‌ಲ್ಯಾಂಡ್ ಸಾಗಾವೇ ಮೇಲೆನಿಸುತ್ತದೆ! ಮೊದಲ ಜೋಡಿಯಲ್ಲಿ ಕಥೆಯ ಬಿಗಿ ನೋಡಿರುತ್ತೇವೆ, ಎರಡನೆಯದರಲ್ಲಿ ಚಿತ್ರ, ಮೂರನೆಯದರಲ್ಲಿ ಪಾತ್ರ. ಒಂದೊಂದು ಜೋಡಿಗೆ ಒಂದೊಂದು ಅಳತೆಗೋಲು ಹಿಡಿದರೆ ಪಟ್ಟಿ ಎಂದೂ ನಿಲ್ಲುವುದಿಲ್ಲ. ಆದ್ದರಿಂದ ಎಲ್ಲ ಜೋಡಿಗೂ ಒಂದೇ ಪ್ರಶ್ನೆ ಕೇಳಬೇಕು.

ಆ ಒಂದೇ ಪ್ರಶ್ನೆ ಯಾವುದು?

ನಡುವಿನ ಸಂಪುಟ ಹೇಗಿದೆ? ಕಪಾಟಿನಿಂದ ಸರಣಿಯ ನಟ್ಟನಡುವಿನ ಒಂದು ಸಂಪುಟವನ್ನು ತೆಗೆದು ಓದಿದರೆ, ಮುಗಿದ ಮೇಲೆ ಪಕ್ಕದ ಸಂಪುಟಕ್ಕೆ ಕೈ ತಾನಾಗಿ ಹೋಗುತ್ತದೆಯೇ? ಎರಡು ಸರಣಿಗಳಲ್ಲಿ ಯಾವುದರ ಕಡೆಗೆ ಬೇಗ ಹೋಗುತ್ತದೆ?

ಮೊದಲ ಸಂಪುಟವನ್ನು ನಾನು ನಂಬುವುದಿಲ್ಲ. ಅದು ಹುಟ್ಟುವ ಸಂದರ್ಭವೇ ಹಾಗಿರುತ್ತದೆ. ಜಪಾನಿನಲ್ಲಿ ಬಹುಪಾಲು ಮಾಂಗಾ ಮೊದಲು ವಾರಪತ್ರಿಕೆಯಲ್ಲೋ ಮಾಸಪತ್ರಿಕೆಯಲ್ಲೋ ಕಂತುಕಂತಾಗಿ ಬರುತ್ತದೆ, ಆಮೇಲೆ ಸಂಪುಟವಾಗುತ್ತದೆ. ಅಲ್ಲಿನ ಅತಿ ದೊಡ್ಡ ವಾರಪತ್ರಿಕೆ ಶೋನೆನ್ ಜಂಪ್ 1995ರ ಹೊತ್ತಿಗೆ 65 ಲಕ್ಷಕ್ಕೂ ಹೆಚ್ಚು ಪ್ರತಿ ಅಚ್ಚಾಗುತ್ತಿತ್ತು. ಅದರ ಸಂಚಿಕೆಯೊಳಗೆ ಒಂದು ಅಂಚೆ ಕಾರ್ಡ್ ಇರುತ್ತಿತ್ತು. ಓದುಗರು ಆ ಸಂಚಿಕೆಯಲ್ಲಿ ತಮಗೆ ಹಿಡಿಸಿದ ಮೂರು ಸರಣಿಗಳನ್ನು ಅದರಲ್ಲಿ ಗುರುತಿಸಿ ಕಳುಹಿಸಬೇಕು. ಆ ಲೆಕ್ಕದಲ್ಲಿ ತಳ ಕಂಡ ಹೊಸ ಸರಣಿ ಕೆಲವೇ ತಿಂಗಳಲ್ಲಿ ನಿಂತುಹೋಗುವುದುಂಟು. ವಾರಕ್ಕೆ ಹತ್ತೊಂಬತ್ತು ಪುಟದ ಆಸುಪಾಸು ಬರೆಯುತ್ತ, ಆ ಕಾರ್ಡಿಗೆ ಹೆದರುತ್ತ ಕೂತವನು ಮೊದಲ ಕಂತುಗಳಲ್ಲಿ ತನ್ನ ಬತ್ತಳಿಕೆಯ ಬಾಣಗಳನ್ನೆಲ್ಲ ಬಿಡುತ್ತಾನೆ. ಬಿಡಲೇಬೇಕು.

ಕೊನೆಯ ಸಂಪುಟವೂ ಅಷ್ಟೆ, ಬೇರೆ ಕಾರಣಕ್ಕೆ. ಮೂವತ್ತು ಸಂಪುಟ ಜೊತೆಗೆ ನಡೆದ ಪಾತ್ರಗಳು ಬೀಳ್ಕೊಡುವಾಗ ಯಾರಿಗಾದರೂ ಗಂಟಲು ಕಟ್ಟುತ್ತದೆ. ಅದು ಬರಹಗಾರನ ಕೌಶಲವೋ ನಮ್ಮ ಹಳೆಯ ಒಡನಾಟವೋ ಹೇಳುವುದು ಕಷ್ಟ. ನಡುವಿನ ಸಂಪುಟಕ್ಕೆ ಮಾತ್ರ ಇಂಥ ಯಾವ ಆಸರೆಯೂ ಇರುವುದಿಲ್ಲ. ಹೊಸತನ ಹಳತಾಗಿರುತ್ತದೆ, ಮುಕ್ತಾಯ ದೂರವಿರುತ್ತದೆ, ಪುಟ ಮಾತ್ರ ತುಂಬಿಸಬೇಕಾಗಿರುತ್ತದೆ.

ಫುಲ್‌ಮೆಟಲ್ ಆಲ್ಕೆಮಿಸ್ಟ್ 27 ಸಂಪುಟಗಳ ಸರಣಿ. ನಡುವಿಗೆ, 15ನೇ ಸಂಪುಟಕ್ಕೆ ಹೋದರೆ ಅರಕಾವಾ ಮುಂದೋಡುತ್ತಿದ್ದ ಕಥೆಯನ್ನು ನಿಲ್ಲಿಸಿ ಇಶ್ವಾಲ್ ಯುದ್ಧಕ್ಕೆ ಹಿಂದಿರುಗುತ್ತಾರೆ. ಅಲ್ಲಿಯವರೆಗೆ ನಾವು ಮೆಚ್ಚಿಕೊಂಡಿದ್ದ ಸೈನಿಕರು ಅಲ್ಲಿ ಏನೇನು ಮಾಡಿದರು ಎಂಬುದು ಆಗ ಕಣ್ಣಿಗೆ ಬೀಳುತ್ತದೆ. ಅದನ್ನು ಓದಿದ ಮೇಲೆ ಹಿಂದಿನ ಹದಿನಾಲ್ಕು ಸಂಪುಟಗಳೂ ಬೇರೆಯಾಗಿ ಕಾಣುತ್ತವೆ. ಡೆತ್ ನೋಟ್‌ಗೆ 12 ಸಂಪುಟ. ಏಳನೆಯದರಲ್ಲಿ ಕಥೆಯ ದೊಡ್ಡ ತಿರುವು ಮುಗಿದುಹೋಗುತ್ತದೆ, ಆಮೇಲಿನದು ಜಾಣ್ಮೆಯ ಕಸರತ್ತು ಮಾತ್ರ. ಮೊದಲ ಮೂರು ಸಂಪುಟ ನೋಡಿ ಅಂಕ ಕೊಟ್ಟರೆ ಡೆತ್ ನೋಟ್ ನನ್ನ ಮೊದಲ ಐದರಲ್ಲಿ ಇರುತ್ತಿತ್ತು.

ಇಷ್ಟೊಂದು ಮಾರಾಟವಾಗಿರುವ ಒನ್ ಪೀಸ್ ಹತ್ತನೆಯದೇ? ಇದು ಅನ್ಯಾಯವಲ್ಲವೇ?

1997ರ ಜುಲೈನಲ್ಲಿ ಶುರುವಾದ ಒನ್ ಪೀಸ್‌ನ ಪ್ರತಿಗಳ ಸಂಖ್ಯೆ 2022ರಲ್ಲಿ 50 ಕೋಟಿ ದಾಟಿತು. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ 50 ಕೋಟಿ ಎನ್ನುವುದು ಬೇರೆಯವರ ಇಷ್ಟ. ನನ್ನ ಪಟ್ಟಿಯಲ್ಲಿ ಅದಕ್ಕೆ ಮತವಿಲ್ಲ.

ನೂರಕ್ಕೂ ಮೀರಿದ ಸಂಪುಟಗಳಲ್ಲಿ ನಡು ಎಂದರೆ ಎಲ್ಲಿ ಎಂಬುದೇ ಮೊದಲ ಸಮಸ್ಯೆ, ಅದು ವರ್ಷವರ್ಷವೂ ಮುಂದೆ ಸರಿಯುತ್ತದೆ. ವಾಟರ್ ಸೆವೆನ್ ಭಾಗವನ್ನೇ ನಡು ಎಂದು ಹಿಡಿದರೆ ಒನ್ ಪೀಸ್ ನನಗೆ ಎರಡನೆಯದೋ ಮೂರನೆಯದೋ ಆಗುತ್ತದೆ. 44ನೇ ಸಂಪುಟದಲ್ಲಿ ಗೋಯಿಂಗ್ ಮೆರಿ ಹಡಗನ್ನು ಬೀಳ್ಕೊಡುವ ಪುಟಗಳಿವೆ. ಒಂದು ಮರದ ಹಡಗಿಗಾಗಿ ಅಳುವಂತೆ ಮಾಡುವುದು ಸಣ್ಣ ಕೆಲಸವಲ್ಲ. ಅದೇ ಡ್ರೆಸ್ರೋಸಾಕ್ಕೆ ಬಂದರೆ ಒಂದು ದ್ವೀಪದ ಕಥೆ ಸುಮಾರು ಹತ್ತು ಸಂಪುಟ ನುಂಗುತ್ತದೆ. ಪುಟದಲ್ಲಿ ಚಿತ್ರದ ಚೌಕಗಳು ಕಿಕ್ಕಿರಿದು, ಪ್ರತಿ ಚೌಕದಲ್ಲೂ ಯಾರೋ ಕೂಗುತ್ತ, ಯಾರನ್ನು ನೋಡಬೇಕೆಂದು ಕಣ್ಣು ತಡಕಾಡುತ್ತದೆ. ಎರಡನ್ನೂ ಕೂಡಿಸಿ ಭಾಗಿಸಿದಾಗ ಬಂದದ್ದು ಹತ್ತನೇ ಸ್ಥಾನ. ಇಷ್ಟು ಉದ್ದದ ಸರಣಿ ಮೊದಲ ಹತ್ತರಲ್ಲಿ ಉಳಿದಿರುವುದೇ ಓಡಾ ಅವರ ಸಾಮರ್ಥ್ಯಕ್ಕೆ ಸಾಕ್ಷಿ.

ಪ್ರಶಸ್ತಿಗಳನ್ನಾದರೂ ಗಮನಿಸುತ್ತೀರಾ?

ಹೊಸದನ್ನು ಹುಡುಕಲು, ಹೌದು. 2008ರಲ್ಲಿ ಶುರುವಾದ ಮಾಂಗಾ ತೈಶೋ ಪ್ರಶಸ್ತಿ ನನಗೆ ಇಷ್ಟ. ಪುಸ್ತಕದಂಗಡಿಯ ಸಿಬ್ಬಂದಿಯಂಥ ಓದುಗರು ಮತ ಹಾಕುತ್ತಾರೆ, ಎಂಟು ಸಂಪುಟ ದಾಟಿದ ಸರಣಿಗಳಿಗೆ ಪ್ರವೇಶವಿಲ್ಲ. ಹಾಗಾಗಿ ಪ್ರತಿವರ್ಷ ಹಳೆಯ ದೈತ್ಯರ ಹೆಸರನ್ನೇ ಕೇಳುವ ಕಾಟ ಇರುವುದಿಲ್ಲ. 2021ರಲ್ಲಿ ಗೆದ್ದ ಫ್ರೀರೆನ್ ಬಗ್ಗೆ ನನಗೆ ತಿಳಿದದ್ದು ಈ ದಾರಿಯಿಂದಲೇ.

ವ್ಯಾಗಬಾಂಡ್ ಮುಗಿದೇ ಇಲ್ಲ. ಮುಗಿಯದ ಸರಣಿಗೆ ಮೊದಲ ಸ್ಥಾನ ಹೇಗೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ನ್ಯಾಯವಾದದ್ದೂ ಹೌದು. ಎಯಿಜಿ ಯೋಶಿಕಾವಾ ಅವರ ಮುಸಾಶಿ ಕಾದಂಬರಿಯನ್ನು ಆಧರಿಸಿ ಇನೊಯೆ 1998ರಲ್ಲಿ ಇದನ್ನು ಶುರುಮಾಡಿದರು. 2015ರಿಂದ ಹೊಸ ಕಂತು ಬಂದಿಲ್ಲ. 37 ಸಂಪುಟಕ್ಕೆ ನಿಂತಿದೆ. ಕಥಾನಾಯಕ, ಕತ್ತಿವರಸೆಗಾರ ಮುಸಾಶಿ ಮತ್ತು ಅವನ ಎದುರಾಳಿ ಕೊಜಿರೊ ಎದುರಾಗುವ ಆ ಪ್ರಸಿದ್ಧ ಕಾಳಗವನ್ನು ನಾವು ನೋಡಿಲ್ಲ.

ನನ್ನ ಅಳತೆಗೋಲು ಇಲ್ಲಿ ಕೆಲಸಕ್ಕೆ ಬರುತ್ತದೆ. 14ನೇ ಸಂಪುಟದಲ್ಲಿ ಇನೊಯೆ ತಮ್ಮ ನಾಯಕನನ್ನೇ ಬದಿಗಿಟ್ಟು ಎದುರಾಳಿ ಕೊಜಿರೊನ ಕಥೆ ಎತ್ತಿಕೊಳ್ಳುತ್ತಾರೆ, 20ನೇ ಸಂಪುಟದವರೆಗೂ ಬಿಡುವುದಿಲ್ಲ. ಉದ್ದನೆಯ ಕತ್ತಿಯೊಂದರ ಜೊತೆ ಕಡಲಿನಿಂದ ಸಿಕ್ಕ ಕೂಸು, ಅದನ್ನು ಸಾಕುವ ಮುದಿ ಕತ್ತಿವರಸೆಗಾರ ಕಾನೆಮಾಕಿ ಜಿಸೈ. ಕಾದಂಬರಿಯ ಕೊಜಿರೊಗೆ ಮಾತು ಬರುತ್ತದೆ, ಇನೊಯೆ ಅವನನ್ನು ಕಿವುಡನನ್ನಾಗಿ ಮಾಡಿದರು. ಮಾತಿನ ಗುಳ್ಳೆಗಳಿಲ್ಲದೆ ಮುಖ್ಯ ಪಾತ್ರವೊಂದನ್ನು ಏಳು ಸಂಪುಟ ನಡೆಸುವುದು ಎಂದರೇನು ಎಂದು ಯೋಚಿಸಿ. ಅವನಿಗೆ ಕೋಪ ಬಂದದ್ದು, ಕುತೂಹಲ ಕೆರಳಿದ್ದು, ಎದುರಾಳಿ ಇಷ್ಟವಾದದ್ದು ಎಲ್ಲವೂ ಹುಬ್ಬಿನಲ್ಲಿ, ಭುಜದ ತಿರುವಿನಲ್ಲಿ ಬರಬೇಕು. ಬರುತ್ತದೆ. ಇನೊಯೆ ಸರಣಿಯ ನಡುವೆ ಪೆನ್ನು ಬಿಟ್ಟು ಕುಂಚಕ್ಕೆ ಬದಲಾದವರು. ಆ ಕುಂಚದ ಒಂದೇ ಎಳೆತದಲ್ಲಿ ತೋಳಿನ ಬಿಗಿಯೂ ಮಳೆಯ ರಭಸವೂ ಕಾಣುತ್ತವೆ.

ಮುಕ್ತಾಯವಿಲ್ಲದ ಬೇಸರ ನನಗೂ ಇದೆ. ಆದರೂ ಸಿಕ್ಕ 37 ಸಂಪುಟಗಳಲ್ಲಿ ಯಾವುದನ್ನು ತೆರೆದರೂ ಇದಕ್ಕೆ ಸಮನಾದದ್ದು ನನ್ನ ಕಪಾಟಿನಲ್ಲಿ ಇಲ್ಲ.

ಹಾಗಾದರೆ ಬರ್ಸರ್ಕ್? ಅದನ್ನು ಈಗ ಬೇರೆಯವರು ಮುಂದುವರಿಸುತ್ತಿದ್ದಾರಲ್ಲ.

ಕೆಂಟಾರೊ ಮಿಯುರಾ 2021ರ ಮೇ ತಿಂಗಳಲ್ಲಿ ತೀರಿಕೊಂಡರು. 1989ರಿಂದ ಬರುತ್ತಿದ್ದ ಸರಣಿ ಅನಾಥವಾಯಿತು. ಕಥೆ ಎಲ್ಲಿಗೆ ಹೋಗುತ್ತದೆ ಎಂದು ಮಿಯುರಾ ತಮ್ಮ ಹಳೆಯ ಗೆಳೆಯ, ಸ್ವತಃ ಮಾಂಗಾ ಕಲಾವಿದರಾದ ಕೋಜಿ ಮೋರಿ ಅವರಿಗೆ ಹೇಳಿದ್ದರು. ಅವರ ಮೇಲುಸ್ತುವಾರಿಯಲ್ಲಿ ಮಿಯುರಾ ಅವರ ಸಹಾಯಕರ ತಂಡ 2022ರಿಂದ ಅದನ್ನು ಮುಂದುವರಿಸುತ್ತಿದೆ. ನಾನು ಸ್ಥಾನ ಕೊಟ್ಟಿರುವುದು ಮಿಯುರಾ ಬದುಕಿದ್ದಾಗ ಬರೆದ ಭಾಗಕ್ಕೆ. ಹೊಸ ಕಂತುಗಳನ್ನೂ ಓದುತ್ತೇನೆ, ಆದರೆ ಅವುಗಳನ್ನು ತೂಕಕ್ಕೆ ಹಾಕುವುದಿಲ್ಲ. ಗೆಳೆಯನಿಗೆ ಕೊಟ್ಟ ಮಾತು ಉಳಿಸಿಕೊಳ್ಳುತ್ತಿರುವವರಿಗೆ ಅಂಕ ಕೊಡಲು ನಾನು ಯಾರು?

ಎಂಟನೇ ಸ್ಥಾನಕ್ಕೆ ಇಳಿಯಲು ಕಾರಣ ಬೇರೆ. ಮೂರನೆಯದರಿಂದ ಹದಿನಾಲ್ಕನೇ ಸಂಪುಟದವರೆಗಿನ ಗೋಲ್ಡನ್ ಏಜ್ ಭಾಗ ಎಷ್ಟು ಎತ್ತರಕ್ಕೆ ಏರುತ್ತದೆ ಎಂದರೆ, ಆಮೇಲೆ ಬಂದದ್ದೆಲ್ಲ ಅದರ ನೆರಳಿನಲ್ಲೇ ನಿಲ್ಲುತ್ತದೆ. ಬರ್ಸರ್ಕ್‌ನಲ್ಲಿ ಹಿಂಸೆಯೂ ಲೈಂಗಿಕ ಕ್ರೌರ್ಯವೂ ತೀವ್ರವಾಗಿವೆ. ಮಕ್ಕಳ ಕೈಗೆ ಕೊಡುವ ಪುಸ್ತಕವಲ್ಲ.

ಒಬ್ಬರೇ ಲೇಖಕರಿಗೆ ಎರಡು ಸ್ಥಾನ ಸರಿಯೇ?

ಸರಣಿಗಳನ್ನು ಜೋಡಿಸುತ್ತಿದ್ದೇನೆ, ಲೇಖಕರಿಗೆ ಮೀಸಲಾತಿ ಇಲ್ಲ. ಸ್ಲ್ಯಾಮ್ ಡಂಕ್ ಅನ್ನು ಎಲ್ಲಿಡುವುದು ಹೇಳಿ? 1990ರಿಂದ 1996ರವರೆಗೆ, 31 ಸಂಪುಟ. ಬ್ಯಾಸ್ಕೆಟ್‌ಬಾಲ್ ನಿಯಮ ಗೊತ್ತಿಲ್ಲದವರನ್ನೂ ಕೂರಿಸಿ ಓದಿಸುತ್ತದೆ. ಸನ್ನೊ ಶಾಲೆಯ ವಿರುದ್ಧದ ಪಂದ್ಯದ ಕೊನೆಯ ಕ್ಷಣಗಳಲ್ಲಿ ಮಾತು ಹೆಚ್ಚುಕಡಿಮೆ ಪೂರ್ತಿ ನಿಂತುಹೋಗುತ್ತದೆ. ಬೆವರು, ಬೂಟು, ಚೆಂಡು, ತೆರೆದ ಬಾಯಿಗಳು. ಪುಟದ ಮೇಲೆ ಪುಟ ಮಗುಚುತ್ತ ಹೋಗುತ್ತೇವೆ. ಕೊನೆಗೆ ಎರಡು ಪುಟಗಳ ಅಗಲಕ್ಕೆ, ಸರಣಿಯುದ್ದಕ್ಕೂ ಕಿತ್ತಾಡುತ್ತಿದ್ದ ಸಕುರಾಗಿ ಮತ್ತು ರುಕಾವಾ ಕೈಗೆ ಕೈ ಚಪ್ಪರಿಸುವ ಒಂದೇ ಚಿತ್ರ. ಕೊನೆಯ ಸಂಪುಟವನ್ನು ನಂಬುವುದಿಲ್ಲ ಎಂದೆನಲ್ಲ, ಇದೊಂದಕ್ಕೆ ವಿನಾಯಿತಿ.

ಅನಿಮೆ (ಜಪಾನಿನ ಅನಿಮೇಷನ್) ನೋಡಿ ಮಾಂಗಾಕ್ಕೆ ಸ್ಥಾನ ಕೊಡಬಹುದೇ?

ಬೇಡ. ಡೀಮನ್ ಸ್ಲೇಯರ್ 2019ರಲ್ಲಿ ಅನಿಮೆಯಾದ ಮೇಲೆ ಪುಸ್ತಕದ ಮಾರಾಟ ಮುಗಿಲು ಮುಟ್ಟಿತು. 23 ಸಂಪುಟಗಳಲ್ಲಿ ಮುಗಿಯುವ ಅಚ್ಚುಕಟ್ಟಾದ ಸರಣಿ, ನಿಜ. ಆದರೆ ಪರದೆಯ ಮೇಲಿನ ಆ ನೀರಿನ ಅಲೆ, ಬೆಂಕಿ, ಸಂಗೀತ ಯಾವುದೂ ಪುಟದಲ್ಲಿ ಇಲ್ಲ. ಅನಿಮೆ ನೋಡಿದವರು ಪುಟ ತಿರುವುವಾಗಲೂ ಅದನ್ನೇ ಕೇಳಿಸಿಕೊಳ್ಳುತ್ತಿರುತ್ತಾರೆ. ಮಾಂಗಾದಲ್ಲಿ ಕಾಲದ ಕೀಲಿ ಓದುವವರ ಬೆರಳಲ್ಲಿದೆ. ಯಾವ ಚೌಕದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು, ಪುಟ ಯಾವಾಗ ಮಗುಚಬೇಕು ಎಂಬುದನ್ನು ಅವರೇ ತೀರ್ಮಾನಿಸುತ್ತಾರೆ. ಒಳ್ಳೆಯ ಕಲಾವಿದರು ಆಘಾತವನ್ನು ಎಡಪುಟದ ಕೊನೆಯ ಚೌಕದಲ್ಲಿ ಇಡುವುದಿಲ್ಲ, ಮಗುಚಿದ ಮೇಲೆ ಕಾಣುವಂತೆ ಇಡುತ್ತಾರೆ. ಬಲದಿಂದ ಎಡಕ್ಕೆ ಓದುವ ಪುಸ್ತಕದಲ್ಲಿ ಎಡಪುಟವೇ ಕೊನೆಯದು ಎಂಬುದು ನೆನಪಿರಲಿ.

ತೆಜುಕಾ ಅವರ ಬುದ್ಧ ನಮ್ಮ ನೆಲದ ಕಥೆ ಎಂಬ ಅಭಿಮಾನಕ್ಕೆ ಪಟ್ಟಿಯಲ್ಲಿದೆಯೇ?

ಇಲ್ಲ, ಆ ಅಭಿಮಾನ ಅದಕ್ಕೆ ಅಡ್ಡಿಯೇ ಆಗುತ್ತದೆ. ಶಾಲೆಯ ಪಾಠದಲ್ಲಿ ಸಿದ್ಧಾರ್ಥನನ್ನು ಓದಿದವರು ಇದನ್ನು ತೆರೆದರೆ ಮೊದಲು ಕಕ್ಕಾಬಿಕ್ಕಿಯಾಗುತ್ತಾರೆ. 1972ರಿಂದ 1983ರವರೆಗೆ ಬಂದ ಈ ಸರಣಿಯ ಆರಂಭದಲ್ಲಿ ಸಿದ್ಧಾರ್ಥ ಇನ್ನೂ ಹುಟ್ಟಿರುವುದಿಲ್ಲ. ಕಥೆಯನ್ನು ಎಳೆಯುವವರು ತೆಜುಕಾ ಕಲ್ಪಿಸಿದ ಹುಡುಗರು: ಕೋಸಲದ ಸೇನಾಪತಿಯ ಮಗನಾಗಲು ಹೊರಡುವ ಗುಲಾಮ ಚಾಪ್ರಾ, ಪ್ರಾಣಿಗಳ ಮೈಯೊಳಗೆ ಹೊಕ್ಕಬಲ್ಲ ಅಸ್ಪೃಶ್ಯ ಹುಡುಗ ತತ್ತಾ. ಗಂಭೀರ ಸನ್ನಿವೇಶದ ನಡುವೆ ಲೇಖಕರೇ ಇಣುಕಿ ಇಪ್ಪತ್ತನೇ ಶತಮಾನದ ಚಟಾಕಿ ಹಾರಿಸುತ್ತಾರೆ. ಇತಿಹಾಸ ಹುಡುಕಿದರೆ ನಿರಾಶೆ ಖಚಿತ. ಜಾತಿಯ ಕಟ್ಟು ಒಬ್ಬ ಹುಡುಗನನ್ನು ಹೇಗೆ ಅರೆಯುತ್ತದೆ ಎಂದು ಜಪಾನಿನಲ್ಲಿ ಕೂತು ಬರೆದವರು ಇಷ್ಟು ಸಿಟ್ಟಿನಿಂದ ಬರೆದಿದ್ದಾರಲ್ಲ, ನನಗೆ ಬೇಕಾದದ್ದು ಅದು. ಸಿದ್ಧಾರ್ಥ ದೊಡ್ಡವನಾದ ಮೇಲೆ ಕಥೆ ಅಲ್ಲಲ್ಲಿ ಉಪದೇಶಕ್ಕೆ ತಿರುಗುತ್ತದೆ. ಒಂಬತ್ತನೇ ಸ್ಥಾನದಲ್ಲಿರುವುದು ಆ ಕಾರಣಕ್ಕೆ.

ನಿಮ್ಮ ಪಟ್ಟಿಯಲ್ಲಿ ಬೇಸಾಯದ ಕಥೆಗಳು ಜಾಸ್ತಿ ಇವೆಯಲ್ಲ?

ಕಂಡುಹಿಡಿದಿರಿ. ಕತ್ತಿ ಹಿಡಿದವನು ಅದನ್ನು ಕೆಳಗಿಟ್ಟು ಗುದ್ದಲಿ ಹಿಡಿದರೆ ನನ್ನ ತೀರ್ಪು ತಾನಾಗಿ ವಾಲುತ್ತದೆ. ವ್ಯಾಗಬಾಂಡ್‌ನ ಕೊನೆಯ ಸಂಪುಟಗಳಲ್ಲಿ ಮುಸಾಶಿ ಬರದ ಹಳ್ಳಿಯೊಂದರಲ್ಲಿ ಬಂಜರು ನೆಲಕ್ಕೆ ನೀರು ಹರಿಸಲು ಹೆಣಗುತ್ತಾನೆ. ವಿನ್‌ಲ್ಯಾಂಡ್ ಸಾಗಾದಲ್ಲಿ ಸೇಡಿಗಾಗಿಯೇ ಬದುಕಿದ್ದ ಥಾರ್ಫಿನ್ ಜೀತದಾಳಾಗಿ ಕಾಡು ಕಡಿದು ಗೋಧಿ ಬೆಳೆಯುತ್ತಾನೆ. ಕಾಳಗ ಬೇಕೆಂದು ಬಂದ ಅನೇಕ ಓದುಗರು ಸರಣಿ ಬಿಟ್ಟದ್ದು ಅಲ್ಲಿಯೇ, ನಾನು ಹಿಡಿದದ್ದೂ ಅಲ್ಲಿಯೇ. ಅದು 2005ರಲ್ಲಿ ವಾರಪತ್ರಿಕೆಯಲ್ಲಿ ಶುರುವಾಗಿ ಬೇಗನೆ ಮಾಸಪತ್ರಿಕೆಗೆ ಹೋಯಿತು. ವಾರವಾರದ ಓಟದಲ್ಲಿ ಬೆಳೆ ಬೆಳೆಯುವ ನಿಧಾನ ಸಾಧ್ಯವಿರಲಿಲ್ಲ. ಅರಕಾವಾ ಕೂಡ ಹೊಕ್ಕೈಡೊದ ಹೈನುಗಾರರ ಮನೆಯಲ್ಲಿ ಬೆಳೆದವರು. ಈ ಪಕ್ಷಪಾತವನ್ನು ಸರಿಪಡಿಸುವ ಉದ್ದೇಶ ನನಗಿಲ್ಲ. ಸ್ವಂತ ಇಷ್ಟದ ಪಟ್ಟಿಯಿಂದ ಪಕ್ಷಪಾತ ತೆಗೆದರೆ ಉಳಿಯುವುದು ಮಾರಾಟದ ಅಂಕಿಅಂಶ.

ಏನೂ ನಡೆಯದ ಯೊತ್ಸುಬಾ ಐದನೆಯದು ಹೇಗೆ?

ಏನೂ ನಡೆಯುವುದಿಲ್ಲ ಎಂದು ಯಾರು ಹೇಳಿದರು? ಪಕ್ಕದ ಮನೆಯ ಏಸಿಯಿಂದ ಭೂಮಿ ಬಿಸಿಯಾಗುತ್ತದೆ ಎಂದು ತಿಳಿದು ಐದು ವರ್ಷದ ಹುಡುಗಿ ಗಾಬರಿಯಾಗುವುದು ನಡೆಯುತ್ತದೆ. ನಡುವಿನ ಸಂಪುಟದ ಪರೀಕ್ಷೆಯಲ್ಲಿ ಇದಕ್ಕೂ ಮುಶಿಶಿಗೂ ಸೋಲೇ ಇಲ್ಲ. ಎರಡರಲ್ಲೂ ಒಂದೊಂದು ಕಂತೂ ತನ್ನ ಕಾಲ ಮೇಲೆ ನಿಲ್ಲುತ್ತದೆ.

ಶೋನೆನ್, ಶೋಜೊ, ಸೈನೆನ್ ಎಂದು ಬೇರೆ ಬೇರೆ ಪಟ್ಟಿ ಮಾಡಬಾರದೇ?

ಶೋನೆನ್ ಎಂದರೆ ಹುಡುಗರಿಗೆ, ಶೋಜೊ ಹುಡುಗಿಯರಿಗೆ, ಸೈನೆನ್ ವಯಸ್ಕ ಗಂಡಸರಿಗೆ. ಅವು ಪತ್ರಿಕೆ ಯಾವ ವಯಸ್ಸಿನ, ಯಾವ ಓದುಗರಿಗೆ ಎಂದು ಹೇಳುವ ಹಣೆಪಟ್ಟಿಗಳು, ಕಥೆಯ ಬಗೆಯನ್ನು ಹೇಳುವುದಿಲ್ಲ. ನನಗೆ ಒಂದೇ ಕಪಾಟು, ಒಂದೇ ಪಟ್ಟಿ.

‘ನಾನಾ’ ಏಕಿಲ್ಲ? ಹಂಟರ್ × ಹಂಟರ್ ಏಕಿಲ್ಲ? ಅಟ್ಯಾಕ್ ಆನ್ ಟೈಟನ್?

ಹನ್ನೊಂದು, ಹದಿನಾಲ್ಕು, ಹತ್ತೊಂಬತ್ತು. ಐ ಯಾಜಾವಾ ಅವರ ಅನಾರೋಗ್ಯದಿಂದ ‘ನಾನಾ’ 2009ರಲ್ಲಿ ನಿಂತಿತು. ಒಂದು ಹೊಸ ಸಂಪುಟ ಬಂದರೂ ಒನ್ ಪೀಸ್ ಕೆಳಗಿಳಿಯುವ ಸಾಧ್ಯತೆ ಇದೆ. ಅಟ್ಯಾಕ್ ಆನ್ ಟೈಟನ್‌ನ ನೆಲಮಾಳಿಗೆಯ ಗುಟ್ಟು ಬಯಲಾಗುವ 21ನೇ ಸಂಪುಟದಷ್ಟು ಚೆನ್ನಾಗಿ ಹೊಸೆದ ತಿರುವು ವಿರಳ. ಗುಟ್ಟು ಗೊತ್ತಾದ ಮೇಲೆ ಎರಡನೇ ಸಲ ಓದುವ ಆಸೆ ಮಾತ್ರ ನನಗೆ ಉಳಿಯಲಿಲ್ಲ.

ಇವನ್ನೆಲ್ಲ ಎಲ್ಲಿ ಓದುವುದು? ಕನ್ನಡದಲ್ಲಿ ಸಿಗುತ್ತವೆಯೇ?

ಈ ಹತ್ತನ್ನೂ ನಾನು ಓದಿದ್ದು ಇಂಗ್ಲಿಷಿನಲ್ಲಿ. ಶುಯೇಶಾ ಪ್ರಕಾಶನದ ಮಾಂಗಾ ಪ್ಲಸ್ ಆ್ಯಪ್‌ನಲ್ಲಿ ನಡೆಯುತ್ತಿರುವ ಸರಣಿಗಳ ಮೊದಲ ಮತ್ತು ಇತ್ತೀಚಿನ ಕೆಲವು ಕಂತುಗಳು ಉಚಿತ, ಅಲ್ಲಿನ ಭಾಷೆಗಳಲ್ಲಿ ಕನ್ನಡವಿಲ್ಲ. ವಿಜ್ ಸಂಸ್ಥೆಯ ಶೋನೆನ್ ಜಂಪ್ ಆ್ಯಪ್ ಭಾರತದಲ್ಲಿ ಚಂದಾಗೆ ಸಿಗುತ್ತದೆ. ಅಚ್ಚಾದ ಸಂಪುಟಗಳಿಗೆ ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳನ್ನು ನೋಡಿ. ಹಳೆಯ ಪುಸ್ತಕಗಳ ಸಾಲಿನಲ್ಲಿ ಬಿಡಿ ಸಂಪುಟಗಳು ಕಣ್ಣಿಗೆ ಬೀಳುತ್ತವೆ, ಒಂದು ಮತ್ತು ಎರಡು ಮಾತ್ರ ಇರುವುದಿಲ್ಲ. ನಡುವಿನ ಸಂಪುಟದ ಪರೀಕ್ಷೆಗೆ ಅದೇ ಅನುಕೂಲ.

ಇದುವರೆಗೆ ಒಂದೂ ಓದಿಲ್ಲ. ಪಟ್ಟಿಯ ಮೊದಲನೆಯದರಿಂದ ಶುರುಮಾಡಲೇ?

ಬೇಡ. ಮುಶಿಶಿಯ ಒಂದು ಸಂಪುಟ ತೆಗೆದುಕೊಳ್ಳಿ. ಇರುವುದೇ ಹತ್ತು, ಹಿಂದಿನದು ಗೊತ್ತಿರಬೇಕಾಗಿಲ್ಲ. ಕಾಣದ ಜೀವಿಗಳಿಂದ ತೊಂದರೆಗೊಳಗಾದವರ ಊರೂರಿಗೆ ಗಿಂಕೊ ಎಂಬ ಅಲೆಮಾರಿ ಬರುತ್ತಾನೆ, ಕೈಲಾದದ್ದು ಮಾಡುತ್ತಾನೆ, ಹೊರಟುಹೋಗುತ್ತಾನೆ. ಹಿಡಿಸದಿದ್ದರೆ ಫುಲ್‌ಮೆಟಲ್ ಆಲ್ಕೆಮಿಸ್ಟ್‌ನ ಮೊದಲ ಎರಡು ಸಂಪುಟ. ಅದೂ ಹಿಡಿಸದಿದ್ದರೆ ನಿಮ್ಮ ಪಟ್ಟಿ ನನ್ನದಕ್ಕಿಂತ ತೀರಾ ಬೇರೆಯಾಗಲಿದೆ ಎಂದರ್ಥ. ಆಗ ಇದನ್ನು ತಳದಿಂದ ಮೇಲಕ್ಕೆ, ಒನ್ ಪೀಸ್‌ನಿಂದ ಶುರುಮಾಡಿ ಓದಿನೋಡಿ.